ಕ್ವಾರ್ಟ್ಜ್‌ಸೈಟ್ ಮರುಭೂಮಿಯಲ್ಲಿ ಒಂದು ಚಳಿಗಾಲ: ನೀರು, ಅಂಚೆ, ಔಷಧಿಗಳ ಓಡಾಟ

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಇಂಟರ್‌ಸ್ಟೇಟ್ 10 ಹೆದ್ದಾರಿಯೂ ಯುಎಸ್ 95 ರಸ್ತೆಯೂ ಕೂಡುವ ಕಡೆ ಕ್ವಾರ್ಟ್ಜ್‌ಸೈಟ್ ಎಂಬ ಊರಿದೆ. 2020ರ ಜನಗಣತಿಯ ಪ್ರಕಾರ ಎರಡೂವರೆ ಸಾವಿರಕ್ಕೂ ಕಡಿಮೆ ಜನರಿರುವ ಈ ಊರಿನ ಸುತ್ತಲಿನ ಬಯಲು, ಚಳಿಗಾಲ ಬಂತೆಂದರೆ ಉತ್ತರದ ರಾಜ್ಯಗಳಿಂದಲೂ ಕೆನಡಾದಿಂದಲೂ ಬರುವ ಆರ್‌ವಿಗಳಿಂದ, ಅಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಒಳಗೇ ಇಟ್ಟುಕೊಂಡು ತಿರುಗುವ ವಾಹನಗಳಿಂದ ತುಂಬಿಹೋಗುತ್ತದೆ. ನಾನೂ ನಮ್ಮ ಮನೆಯವರೂ 2023ರ ನವೆಂಬರ್ ನಡುವಿನಿಂದ 2024ರ ಮಾರ್ಚ್ ಕೊನೆಯವರೆಗೆ ಅಲ್ಲಿದ್ದು, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಮರಳಿದೆವು. ಹೊರಡುವ ಮುನ್ನ ನಾನು ಓದಿದ ಬರಹಗಳಲ್ಲಿ ಸೂರ್ಯಾಸ್ತದ ವರ್ಣನೆ ಬೇಕಾದಷ್ಟಿತ್ತು. ಆದರೆ ನೀರು ಎಲ್ಲಿಂದ ತರಬೇಕು, ಮಲಿನ ನೀರನ್ನು ಎಲ್ಲಿ ಬಿಡಬೇಕು, ಮನೆ ನಂಬರೇ ಇಲ್ಲದ ಜಾಗಕ್ಕೆ ಇನ್ಸುಲಿನ್ ಹೇಗೆ ತರಿಸಿಕೊಳ್ಳಬೇಕು ಎಂಬುದನ್ನು ಕ್ರಮವಾಗಿ ಹೇಳಿದವರು ಸಿಗಲಿಲ್ಲ. ನಿವೃತ್ತಿಯಾದ ಮೇಲೆ ಹೀಗೊಂದು ಚಳಿಗಾಲ ಕಳೆಯಬೇಕೆಂದಿರುವ ಕನ್ನಡದ ದಂಪತಿಗಳು ಹಲವರು ನನ್ನನ್ನು ಕೇಳಿದ್ದಾರೆ. ಅವರಿಗಾಗಿ ಇದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮದು 24 ಅಡಿ ಉದ್ದದ, ಕೊಂಡಾಗಲೇ ಹಳೆಯದಾಗಿದ್ದ ಮೋಟರ್‌ಹೋಮ್. ಅದನ್ನು ಓಡಿಸಲು ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಸಾಮಾನ್ಯ ಲೈಸೆನ್ಸೇ ಸಾಕು. ಅದರಲ್ಲಿ ಶುದ್ಧ ನೀರಿಗೆ 40 ಗ್ಯಾಲನ್‌ನ, ಎಂದರೆ ಸುಮಾರು 150 ಲೀಟರಿನ ಟ್ಯಾಂಕ್ ಇದೆ. ಪಾತ್ರೆ ತೊಳೆದ ಮತ್ತು ಸ್ನಾನದ ನೀರು ಸೇರುವುದಕ್ಕೆ ಗ್ರೇ ಟ್ಯಾಂಕ್, ಶೌಚದ್ದಕ್ಕೆ ಬ್ಲ್ಯಾಕ್ ಟ್ಯಾಂಕ್ ಬೇರೆ ಬೇರೆ ಇವೆ. ಮೋಟರ್‌ಹೋಮನ್ನು ನಮ್ಮ ಮನೆಯವರು ಓಡಿಸಿದರು, ನಾನು ನಮ್ಮ ಸಣ್ಣ ಕಾರಿನಲ್ಲಿ ಹಿಂದೆ ಹೋದೆ. ಕಾರು ಬೇಡವೆಂದು ಹೇಳುವವರಿದ್ದಾರೆ; ನನ್ನ ಮಾತು ಕೇಳುವುದಾದರೆ ಕಾರಿಲ್ಲದೆ ಹೋಗಬೇಡಿ. ಒಂದು ಲೀಟರ್ ಹಾಲಿಗಾಗಿ ಇಡೀ ಮನೆಯನ್ನು ಬಿಚ್ಚಿ, ಒಳಗಿನ ಸಾಮಾನನ್ನೆಲ್ಲ ಭದ್ರಪಡಿಸಿ, ಮತ್ತೆ ತಂದು ಮಟ್ಟಸವಾಗಿ ನಿಲ್ಲಿಸುವುದು ಅರ್ಧ ದಿನದ ಕೆಲಸ.

ಹೊರಡುವ ಮೊದಲು ಮಾಡಿದ ವ್ಯವಸ್ಥೆಗಳಲ್ಲಿ ಎರಡು ಬಹಳ ಉಪಯೋಗಕ್ಕೆ ಬಂದವು. ಒಂದು, ಕಾಗದಪತ್ರಗಳೆಲ್ಲ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ಹೋಗುವಂತೆ ಅಂಚೆ ಇಲಾಖೆಯಲ್ಲಿ ತಾತ್ಕಾಲಿಕ ವಿಳಾಸ ಬದಲಾವಣೆ ಮಾಡಿಸಿದ್ದು. ಎರಡು, ದಿನನಿತ್ಯದ ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಪಡೆದದ್ದು. ವಿಮಾ ಕಂಪನಿಗಳು ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲೇ ಔಷಧಿಗೆ ಒಪ್ಪಿಗೆ ಕೊಡುತ್ತವೆ. ಆದರೆ ಫೋನ್ ಮಾಡಿ ‘ವೆಕೇಶನ್ ಓವರ್‌ರೈಡ್’ ಬೇಕೆಂದು ಕೇಳಿದರೆ ಪ್ರವಾಸದ ಕಾರಣಕ್ಕೆ ಮುಂಗಡವಾಗಿ ಕೊಡುವುದಕ್ಕೆ ಅವಕಾಶವಿರುತ್ತದೆ. ಈ ಎರಡು ಪದಗಳನ್ನು ಹೇಳದಿದ್ದರೆ ಫೋನೆತ್ತಿದವರಿಗೆ ನಮ್ಮ ಕಷ್ಟ ಅರ್ಥವಾಗುವುದೇ ಇಲ್ಲ. ಮಾತ್ರೆಗಳಿಗೆ ಒಪ್ಪಿಗೆ ಸಿಕ್ಕಿತು. ನಮ್ಮ ಮನೆಯವರ ಇನ್ಸುಲಿನ್‌ಗೆ ಮಾತ್ರ ಸಿಗಲಿಲ್ಲ, ಅದನ್ನು ಅಂಚೆಯಲ್ಲೇ ಕಳಿಸುತ್ತೇವೆಂದರು. ಮುಂದೆ ಆದ ಕಷ್ಟದ ಬೀಜ ಬಿದ್ದದ್ದು ಅಲ್ಲೇ.

ಮೊದಲ ಎರಡು ವಾರ ನಾವು ಊರಿನ ಪೂರ್ವಕ್ಕಿರುವ ಸ್ಕ್ಯಾಡನ್ ವಾಶ್ ಎಂಬ ಬಯಲಿನಲ್ಲಿ ತಂಗಿದೆವು. ಈ ಭೂಮಿಯೆಲ್ಲ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೊ, ಎಲ್ಲರೂ ಕರೆಯುವಂತೆ ಬಿಎಲ್‌ಎಂ, ನೋಡಿಕೊಳ್ಳುವ ಸಾರ್ವಜನಿಕ ಭೂಮಿ. ಇಲ್ಲಿ ತಂಗಲು ದುಡ್ಡಿಲ್ಲ, ಆದರೆ 28 ದಿನಗಳ ಅವಧಿಯಲ್ಲಿ 14 ದಿನ ಮಾತ್ರ ಇರಬಹುದು. ಪ್ರವೇಶದ ಬಳಿ ಬಿಡಾರ ಹೂಡಿರುವ ಸ್ವಯಂಸೇವಕರು ಹೆಸರು, ವಾಹನದ ನಂಬರು ಬರೆದುಕೊಂಡು ಚೀಟಿ ಕೊಡುತ್ತಾರೆ. ನೀರಿಲ್ಲ, ಕಸದ ತೊಟ್ಟಿಯಿಲ್ಲ, ಮಲಿನ ನೀರು ಬಿಡಲು ಜಾಗವೂ ಇಲ್ಲ. ಆದರೂ ಹೊಸಬರು ಮೊದಲು ಇಂಥ ಕಡೆಯೇ ಇದ್ದು ನೋಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ದುಡ್ಡು ಕಟ್ಟುವ ಮೊದಲೇ, ಈ ಬಾಳು ನಮಗೆ ಒಗ್ಗುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಬಿಡಾರ ಹೂಡುವಾಗ ನೆಲ ನೋಡಿ. ‘ವಾಶ್’ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳದ ಪಾತ್ರ. ಮರಳು ಮೆತ್ತಗಿದ್ದು ನೆರಳೂ ಇರುವುದರಿಂದ ಅಲ್ಲೇ ನಿಲ್ಲಿಸಬೇಕೆನ್ನಿಸುತ್ತದೆ, ಆದರೆ ದೂರದ ಬೆಟ್ಟದಲ್ಲಿ ಬಿದ್ದ ಮಳೆ ಇಲ್ಲಿ ಮೋಡವೇ ಇಲ್ಲದಾಗ ನೀರಾಗಿ ನುಗ್ಗಬಹುದು. ಗಟ್ಟಿ ಕಲ್ಲುನೆಲದ ಎತ್ತರದ ಜಾಗವನ್ನೇ ಹುಡುಕಿಕೊಳ್ಳಿ.

ನೀರಿನ ಲೆಕ್ಕ ಕಲಿತದ್ದು ಅಲ್ಲಿಯೇ. ಕೆಲವು ದಿನಗಳಲ್ಲಿ ಇಬ್ಬರ ಬಳಕೆಯನ್ನು ದಿನಕ್ಕೆ 15 ಲೀಟರಿಗೆ ಇಳಿಸಿಕೊಂಡೆವು. ನಮ್ಮ ಅಡುಗೆಗೆ ನೀರು ಹೆಚ್ಚು ಬೇಕೆಂಬುದು ನಿಜ: ಅಕ್ಕಿ ಬೇಳೆ ತೊಳೆಯಬೇಕು, ಸೊಪ್ಪನ್ನು ಎರಡು ಮೂರು ಬಾರಿ ಜಾಲಾಡಬೇಕು. ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಶೌಚಾಲಯಕ್ಕೆ ಬಳಸಿದೆ. ಸಾರಿನ ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ, ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಚಿಮುಕಿಸಿ ಉಜ್ಜಿ, ಕೊನೆಗೆ ಒಂದು ಲೋಟ ಬಿಸಿ ನೀರಿನಲ್ಲಿ ತೊಳೆಯುವುದು ರೂಢಿಯಾಯಿತು. ಹುಣಸೆಯ ಗಸಿ, ಒಗ್ಗರಣೆಯ ಎಣ್ಣೆ ಗ್ರೇ ಟ್ಯಾಂಕಿಗೆ ಹೋದರೆ ನಾಲ್ಕೇ ದಿನದಲ್ಲಿ ಸಿಂಕಿನಿಂದ ವಾಸನೆ ಬರತೊಡಗುತ್ತದೆ. ಅಕ್ಕಪಕ್ಕದ ಅಮೆರಿಕನ್ನರಿಗಿಂತ ಈ ಎಚ್ಚರ ನಮಗೆ ಹೆಚ್ಚು ಬೇಕು. ಕುಕ್ಕರ್ ಇದ್ದದ್ದರಿಂದ ಗ್ಯಾಸ್ ಉಳಿಯಿತು. ಇಡ್ಲಿ ಹಿಟ್ಟು ಆ ಚಳಿಯಲ್ಲಿ ಹುಳಿಯುವುದೇ ಇಲ್ಲವೆಂದುಕೊಂಡಿದ್ದೆ, ಆದರೆ ಆರ್‌ವಿಯ ಹಳೆಯ ಓವನ್ನಿನಲ್ಲಿ ಸದಾ ಉರಿಯುವ ಸಣ್ಣ ಪೈಲಟ್ ಜ್ವಾಲೆಯಿರುತ್ತದೆ. ರಾತ್ರಿ ಪಾತ್ರೆಯನ್ನು ಅದರೊಳಗಿಟ್ಟರೆ ಬೆಳಿಗ್ಗೆ ಹಿಟ್ಟು ಉಬ್ಬಿರುತ್ತಿತ್ತು.

ಎರಡು ವಾರ ಮುಗಿದ ಮೇಲೆ ಊರಿನ ದಕ್ಷಿಣಕ್ಕೆ, 95ನೇ ರಸ್ತೆಯ ಎರಡೂ ಬದಿಗೆ ಹಬ್ಬಿರುವ ಲಾ ಪೋಸಾ ಎಂಬ ದೀರ್ಘಾವಧಿ ವಾಸದ ಪ್ರದೇಶಕ್ಕೆ ಸ್ಥಳಾಂತರವಾದೆವು. ಬಿಎಲ್‌ಎಂ 1983ರಿಂದ ನಡೆಸುತ್ತಿರುವ ವ್ಯವಸ್ಥೆಯಿದು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಇಡೀ ಋತುವಿಗೆ ನಾವು ಕಟ್ಟಿದ್ದು 180 ಡಾಲರ್. 14 ದಿನಗಳ ಪರವಾನಗಿಗೆ 40 ಡಾಲರ್ ಇತ್ತು. ಎಂಟು ವಾರದವರೆಗೆ ಇರುವವರಿಗೆ ಚಿಕ್ಕದು, ಅದಕ್ಕಿಂತ ಹೆಚ್ಚು ಇರುವವರಿಗೆ ದೊಡ್ಡದು ಲಾಭ. ಋತುವಿನ ಪರವಾನಗಿಯಿದ್ದರೆ ಯೂಮಾ ನಗರದ ಹತ್ತಿರದ ಇಂಪೀರಿಯಲ್ ಡ್ಯಾಮ್ ಸೇರಿದಂತೆ ಕ್ಯಾಲಿಫೋರ್ನಿಯಾದ ಬದಿಯಲ್ಲಿರುವ ಇಂಥದೇ ಪ್ರದೇಶಗಳಲ್ಲೂ ಇರಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಉದ್ಯಾನ ಪಾಸಿಗೆ ಇಲ್ಲಿ ರಿಯಾಯಿತಿ ಇಲ್ಲ, ಮಧ್ಯದಲ್ಲೇ ಹೊರಟರೆ ಹಣ ವಾಪಸ್ಸೂ ಇಲ್ಲ. ಪ್ರವೇಶದ ಕಚೇರಿಯಲ್ಲಿ ವಾಹನದ ನಂಬರುಗಳನ್ನು ಬರೆದುಕೊಟ್ಟು ಚೆಕ್ ಕೊಟ್ಟೆವು. ಸ್ಟಿಕ್ಕರನ್ನು ಮುಂದಿನ ಗಾಜಿಗೆ ಅದರದೇ ಅಂಟಿನಿಂದ ಹಚ್ಚಬೇಕು, ಟೇಪಿನಿಂದ ತಾತ್ಕಾಲಿಕವಾಗಿ ಹಚ್ಚಿದರೆ ನಡೆಯುವುದಿಲ್ಲ. ಪಕ್ಕದ ಬಿಡಾರಕ್ಕೂ ನಮಗೂ ಕನಿಷ್ಠ 15 ಅಡಿ ಅಂತರವಿರಬೇಕು. ವಾಹನದಲ್ಲೇ ಅಳವಡಿಸಿದ, ಕನಿಷ್ಠ 10 ಗ್ಯಾಲನ್ ಹಿಡಿಯುವ ಮಲಿನ ನೀರಿನ ಟ್ಯಾಂಕ್ ಇಲ್ಲದವರು ಸಾರ್ವಜನಿಕ ಶೌಚಾಲಯದಿಂದ 500 ಅಡಿಯೊಳಗೇ ಇರಬೇಕು. ವ್ಯಾನಿನಲ್ಲಿ ಬರುವವರು ಇದನ್ನು ಮೊದಲೇ ತಿಳಿದಿರಬೇಕು.

ಲಾ ಪೋಸಾಕ್ಕೆ ಕೊಡುವ ದುಡ್ಡು ಮುಖ್ಯವಾಗಿ ನೀರು, ಕಸ ಮತ್ತು ಡಂಪ್ ಸ್ಟೇಷನ್‌ಗೆ ಎಂದು ತಿಳಿದುಕೊಳ್ಳಿ. ಡಂಪ್ ಸ್ಟೇಷನ್ ಎಂದರೆ ಎರಡೂ ಟ್ಯಾಂಕುಗಳನ್ನು ಖಾಲಿ ಮಾಡುವ ಜಾಗ. ಮೊದಲ ಸಲ ಹೋಗುವಾಗ ನನಗೆ ಬಹಳ ಅಳುಕಿತ್ತು, ಆದ್ದರಿಂದ ಕೆಲಸವನ್ನು ವಿವರವಾಗಿಯೇ ಹೇಳುತ್ತೇನೆ. ಗಾಡಿಯ ಎಡಬದಿ ನೆಲದಲ್ಲಿರುವ ಕಾಂಕ್ರೀಟಿನ ತೂತಿಗೆ ಸರಿಯಾಗಿ ಬರುವಂತೆ ನಿಲ್ಲಿಸಬೇಕು. ರಬ್ಬರಿನ ಕೈಗವಸು ತೊಟ್ಟು, ಕೊಳವೆಯ ಒಂದು ತುದಿಯನ್ನು ತೂತಿನೊಳಗೆ ಇಳಿಸಿ, ಕಾಲಿನಿಂದ ಒತ್ತಿ ಹಿಡಿಯಲು ಇನ್ನೊಬ್ಬರು ನಿಲ್ಲಬೇಕು, ಇಲ್ಲವೇ ಮೇಲೊಂದು ಕಲ್ಲಿಡಬೇಕು. ಇನ್ನೊಂದು ತುದಿಯನ್ನು ಗಾಡಿಯ ಬಾಯಿಗೆ ತಿರುಗಿಸಿ ‘ಟಕ್’ ಎನ್ನುವವರೆಗೆ ಬಿಗಿಯಬೇಕು. ಮೊದಲು ಬ್ಲ್ಯಾಕ್ ಟ್ಯಾಂಕಿನ ಹಿಡಿಯನ್ನು ಎಳೆಯಬೇಕು. ಭೋರೆಂದು ಹರಿಯುವ ಸದ್ದು ತಗ್ಗಿ, ತೊಟ್ಟಿಕ್ಕುವ ಮಟ್ಟಕ್ಕೆ ಬಂದ ಮೇಲೆ ಅದನ್ನು ಮುಚ್ಚಿ ಗ್ರೇ ಟ್ಯಾಂಕ್ ತೆರೆಯಬೇಕು. ಆ ಸೋಪಿನ ನೀರೇ ಕೊಳವೆಯನ್ನು ತೊಳೆದುಬಿಡುತ್ತದೆ. ಈ ಕ್ರಮವನ್ನು ಯಾವ ಕಾರಣಕ್ಕೂ ತಿರುಗುಮುರುಗು ಮಾಡಬಾರದು. ಅಲ್ಲಿ ತೊಳೆಯುವುದಕ್ಕೆಂದು ಇರುವ ನಲ್ಲಿಯೇ ಬೇರೆ, ಕುಡಿಯುವ ನೀರಿನದೇ ಬೇರೆ. ಕುಡಿಯುವ ನೀರಿನ ಬಿಳಿ ಕೊಳವೆಯನ್ನು ಈ ನಲ್ಲಿಯ ಹತ್ತಿರಕ್ಕೂ ತರಬೇಡಿ, ಎರಡನ್ನೂ ಗಾಡಿಯ ಒಂದೇ ಗೂಡಿನಲ್ಲೂ ಇಡಬೇಡಿ.

ವಾರಾಂತ್ಯ ಮುಗಿದ ಸೋಮವಾರ ಬೆಳಿಗ್ಗೆ ಇಲ್ಲಿ ಉದ್ದನೆಯ ಸಾಲಿರುತ್ತದೆ. ವಾರದ ನಡುವೆ ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಕಾಯುವ ಕೆಲಸವೇ ಇಲ್ಲ. ಗಾಡಿ ಕದಲಿಸದೆ ನೀರು ತರಬೇಕೆಂದರೆ ಕಾರಿನಲ್ಲಿ ಕ್ಯಾನುಗಳಲ್ಲಿ ತರಬಹುದು, ಆದರೆ 7 ಗ್ಯಾಲನ್ ಕ್ಯಾನು ತುಂಬಿದರೆ 26 ಕಿಲೋ ತೂಗುತ್ತದೆ. ನಮ್ಮ ವಯಸ್ಸಿನವರು 3 ಗ್ಯಾಲನ್‌ನ ಕ್ಯಾನುಗಳನ್ನೇ ಕೊಳ್ಳಿ.

ಇನ್ನು ವಿದ್ಯುತ್ತು. ನಮ್ಮಲ್ಲಿ 200 ವಾಟಿನ ಸೌರಫಲಕವೂ ಎರಡು ಸೀಸದ ಬ್ಯಾಟರಿಗಳೂ ಇದ್ದವು. ಮರುಭೂಮಿಯೆಂದರೆ ಬಿಸಿಲಿಗೆ ಬರವಿಲ್ಲ ಎಂದು ಎಣಿಸುವುದು ಸಹಜ. ಆದರೆ ಡಿಸೆಂಬರ್ ಕೊನೆಯಲ್ಲಿ ಆ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ ಮೇಲೇರುವುದು ಸುಮಾರು 33 ಡಿಗ್ರಿ ಮಾತ್ರ. ಚಾವಣಿಯ ಮೇಲೆ ಮಲಗಿಸಿದ ಫಲಕಕ್ಕೆ ಬಿಸಿಲು ಓರೆಯಾಗಿ ಬೀಳುತ್ತದೆ. ಅದನ್ನು ದಕ್ಷಿಣಕ್ಕೆ ಮುಖ ಮಾಡಿ ಎತ್ತಿ ನಿಲ್ಲಿಸಿದ ಮೇಲೆ ಸಿಗುವ ವಿದ್ಯುತ್ತು ಕಣ್ಣಿಗೆ ಕಾಣುವಂತೆ ಹೆಚ್ಚಿತು. ಹಗಲು 20 ಡಿಗ್ರಿ ಸೆಲ್ಸಿಯಸ್ ಇದ್ದು ಹಿತವಾಗಿರುತ್ತದೆ, ರಾತ್ರಿ ನಾಲ್ಕೈದಕ್ಕೆ ಇಳಿಯುತ್ತದೆ. ಗಾಡಿಯನ್ನು ಬೆಚ್ಚಗಿಡುವ ಫರ್ನೇಸ್ ಉರಿಯುವುದು ಪ್ರೊಪೇನ್ ಅನಿಲದಿಂದಲೇ ಆದರೂ ಅದರ ಫ್ಯಾನ್ ಬ್ಯಾಟರಿಯನ್ನೇ ಹೀರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಮೀಟರಿನಲ್ಲಿ 12.1 ವೋಲ್ಟ್ ಕಂಡರೆ ಅರ್ಧ ಮುಗಿಯಿತೆಂದು ತಿಳಿಯಬೇಕು. ಆದ್ದರಿಂದ ಫರ್ನೇಸನ್ನು ಮಲಗುವ ಮುನ್ನ ಒಂದಿಷ್ಟು, ಎದ್ದ ಮೇಲೆ ಒಂದಿಷ್ಟು ಹಚ್ಚಿ, ನಡುವಿನ ರಾತ್ರಿಯನ್ನು ಎರಡು ರಜಾಯಿಗಳಲ್ಲಿ ಕಳೆದೆವು. ಮಿಕ್ಸಿಯನ್ನು ಮಧ್ಯಾಹ್ನ ಬಿಸಿಲಿದ್ದಾಗ ಮಾತ್ರ ಹಾಕುತ್ತಿದ್ದೆ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆ ಮಾಡುವ ಯಂತ್ರದ ಬ್ಯಾಟರಿಯನ್ನು ಹೋದ ಕೂಡಲೇ ಬದಲಿಸಿ, ಒತ್ತಿ ಪರೀಕ್ಷಿಸಿ. ಗಾಡಿಯೊಳಗೆ ಗ್ಯಾಸ್ ಉರಿಸಿ ಮಲಗುವವರಿಗೆ ಅದಕ್ಕಿಂತ ದೊಡ್ಡ ರಕ್ಷೆ ಇಲ್ಲ.

ಪ್ರೊಪೇನ್ ತುಂಬಿಸುವಾಗ ಎದುರಾದ ಅಡ್ಡಿಯನ್ನು ಯಾರೂ ಮುನ್ಸೂಚಿಸಿರಲಿಲ್ಲ. ಗಾಡಿಯ ಜೊತೆ ಬಂದಿದ್ದ 20 ಪೌಂಡಿನ ಹೆಚ್ಚುವರಿ ಸಿಲಿಂಡರನ್ನು ಒಯ್ದಾಗ, ತುಂಬುವಾತ ಅದನ್ನು ಮೆಲ್ಲಗೆ ತಿರುಗಿಸಿ, ಕತ್ತಿನ ಸುತ್ತಲಿನ ಕಬ್ಬಿಣದ ಪಟ್ಟಿಯ ಮೇಲೆ ಒತ್ತಿದ್ದ ತಿಂಗಳು ಮತ್ತು ವರ್ಷವನ್ನು ಬೆರಳಿನಿಂದ ಒರೆಸಿ ತೋರಿಸಿದ. ತಯಾರಾಗಿ 12 ವರ್ಷ ಕಳೆದ ಸಿಲಿಂಡರನ್ನು ಮರುಪರೀಕ್ಷೆ ಮಾಡಿಸಿ ಹೊಸ ಮುದ್ರೆ ಹಾಕಿಸದೆ ತುಂಬುವಂತಿಲ್ಲ. “ನೀವು ಮನೆಯಲ್ಲೇ ನೋಡಿಕೊಂಡು ಬಂದಿದ್ದರೆ ಒಳ್ಳೆಯದಿತ್ತಮ್ಮ” ಎಂಬ ಭಾವದಲ್ಲಿ ಆತ ಮರುಗಿದ. ಹೊಸದು ಕೊಂಡೆವು. ಹಳೆಯ ಆರ್‌ವಿ ಕೊಳ್ಳುವವರು ಟೈರಿನ ತಯಾರಿಕೆಯ ದಿನಾಂಕದ ಜೊತೆಗೆ ಇದನ್ನೂ ನೋಡಿ. ಯಾವ ಸಿಲಿಂಡರನ್ನೂ ಪೂರ್ತಿ ತುಂಬುವುದಿಲ್ಲ, ಹಿಗ್ಗುವುದಕ್ಕೆ ಜಾಗ ಬಿಟ್ಟು 80 ಪ್ರತಿಶತ ಮಾತ್ರ ತುಂಬುತ್ತಾರೆ.

ಸಾಮಾನು ತರುವುದಕ್ಕೆ ಒಂದೊಂದು ಊರು ಒಂದೊಂದು ಕೆಲಸಕ್ಕೆ ಎಂದು ಕ್ರಮೇಣ ಗೊತ್ತಾಯಿತು. ಕ್ವಾರ್ಟ್ಜ್‌ಸೈಟ್‌ನಲ್ಲಿ ಹಾಲು, ತರಕಾರಿ, ಆರ್‌ವಿ ಬಿಡಿಭಾಗಗಳು, ಶುದ್ಧೀಕರಿಸಿದ ಕುಡಿಯುವ ನೀರಿನ ಯಂತ್ರಗಳು, ನಾಣ್ಯ ಹಾಕುವ ಲಾಂಡ್ರಿ ಸಿಗುತ್ತವೆ. ಲಾಂಡ್ರಿಗೆ ಕ್ವಾರ್ಟರ್ ನಾಣ್ಯಗಳನ್ನು ಮೊದಲೇ ಕೂಡಿಟ್ಟುಕೊಳ್ಳಿ, ಬಟ್ಟೆ ಒಣಗುವವರೆಗೆ ಓದುವುದಕ್ಕೆ ಏನಾದರೂ ಒಯ್ಯಿರಿ. ನಾನು ಆ ಹೊತ್ತಿನಲ್ಲಿ ಒಮ್ಮೆ ಊರಿನ ಸ್ಮಶಾನದಲ್ಲಿರುವ ಕಲ್ಲಿನ ಪಿರಮಿಡ್ ನೋಡಿಬಂದೆ. 1850ರ ದಶಕದಲ್ಲಿ ಅಮೆರಿಕದ ಸೇನೆ ಈ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿ 1902ರಲ್ಲಿ ತೀರಿಕೊಂಡು ಇಲ್ಲೇ ಮಣ್ಣಾಗಿದ್ದಾನೆ. ಪಿರಮಿಡ್ಡಿನ ತುದಿಯಲ್ಲಿ ಲೋಹದ ಒಂಟೆಯಿದೆ.

ದೊಡ್ಡ ಅಂಗಡಿಗೆ ಉತ್ತರಕ್ಕೆ 35 ಮೈಲಿ ದೂರದ ಪಾರ್ಕರ್‌ಗೆ ಹೋಗುತ್ತಿದ್ದೆವು. ಪಶ್ಚಿಮಕ್ಕೆ ಕೊಲರಾಡೊ ನದಿ ದಾಟಿದರೆ ಕ್ಯಾಲಿಫೋರ್ನಿಯಾದ ಬ್ಲೈತ್ ಇನ್ನೂ ಹತ್ತಿರ, ಸುಮಾರು 20 ಮೈಲಿ. ಆದರೆ ಅಲ್ಲಿಗೆ ಹೋಗುವವರು ಮೂರು ವಿಷಯ ನೆನಪಿಡಬೇಕು. ಪೆಟ್ರೋಲನ್ನು ಅರಿಜೋನಾದಲ್ಲೇ ಹಾಕಿಸಿಕೊಳ್ಳಿ, ನದಿಯಾಚೆ ಅದರ ಬೆಲೆ ಬಹಳ ಹೆಚ್ಚು. ಗಡಿಯಾರ ನೋಡಿಕೊಳ್ಳಿ: ಅರಿಜೋನಾ ಬೇಸಿಗೆಗೆಂದು ಗಡಿಯಾರ ಬದಲಿಸುವುದಿಲ್ಲ, ಆದ್ದರಿಂದ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ಒಂದು ಗಂಟೆ ಹಿಂದಿರುತ್ತದೆ, ಮಾರ್ಚ್ ಎರಡನೆಯ ಭಾನುವಾರದಿಂದ ಎರಡೂ ಕಡೆ ಒಂದೇ ಸಮಯವಾಗುತ್ತದೆ. ಡಾಕ್ಟರ ಅಪಾಯಿಂಟ್‌ಮೆಂಟ್ ಇದ್ದವರು ಯಾವ ಊರಿನ ಸಮಯ ಎಂದು ಕೇಳಿಯೇ ಬರೆದುಕೊಳ್ಳಬೇಕು. ಮೂರನೆಯದು ನಮ್ಮವರಿಗೇ ಹೇಳಬೇಕಾದದ್ದು. ಕ್ಯಾಲಿಫೋರ್ನಿಯಾ ಪ್ರವೇಶಿಸುವಲ್ಲಿ ಕೃಷಿ ತಪಾಸಣಾ ಠಾಣೆಯಿದೆ. ಅಲ್ಲಿ ಹಣ್ಣು, ಗಿಡ, ಸೊಪ್ಪು ಇದೆಯೇ ಎಂದು ಕೇಳುತ್ತಾರೆ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಸಣ್ಣ ಕೀಟವೊಂದು ಕರಿಬೇವಿನ ಮೇಲೂ ಬದುಕುತ್ತದೆ. ಹಾಗಾಗಿ ತಾಜಾ ಕರಿಬೇವನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯುವುದಕ್ಕೆ ನಿರ್ಬಂಧಗಳಿವೆ. ಫೀನಿಕ್ಸ್ ಕಡೆಯ ಭಾರತೀಯ ಅಂಗಡಿಯಲ್ಲಿ ಕೊಂಡ ಕರಿಬೇವನ್ನು ನಾನು ಬಿಡಾರದಲ್ಲೇ ಬಳಸಿ ಮುಗಿಸುತ್ತಿದ್ದೆ, ಗಡಿ ದಾಟುವ ಕಾರಿನಲ್ಲಿ ಒಂದು ಎಸಳೂ ಇರದಂತೆ ನೋಡಿಕೊಳ್ಳುತ್ತಿದ್ದೆ. ಫೀನಿಕ್ಸ್ 130 ಮೈಲಿ ದೂರ. ತೊಗರಿಬೇಳೆ, ಅಕ್ಕಿ, ಬೆಲ್ಲ, ಸಾಂಬಾರ ಪದಾರ್ಥಗಳಿಗಾಗಿ ಅಪರೂಪಕ್ಕೊಮ್ಮೆ ಹೋಗಿಬಂದರೆ ಸಾಕಾಗುತ್ತಿತ್ತು. ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡಿ ಸುತ್ತಲಿನ ಬಿಡಾರಗಳಿಗೆ ಹಂಚಿದೆ. ಕೆನಡಾದ ಸಸ್ಕಾಚೆವಾನ್‌ನಿಂದ ಬಂದಿದ್ದ, ನರ್ಸ್ ಆಗಿ ನಿವೃತ್ತರಾದ ನೆರೆಯಾಕೆ ಮರುದಿನ ಪಾತ್ರೆ ತುಂಬ ಸೂಪ್ ತಂದುಕೊಟ್ಟರು. ಆ ಪರಿಚಯ ಮುಂದೆ ನನಗೆ ದೊಡ್ಡ ಆಸರೆಯಾಯಿತು.

ಜನವರಿ ಬಂದಂತೆ ಊರಿನ ಚಹರೆಯೇ ಬದಲಾಗುತ್ತದೆ. ರತ್ನ ಮತ್ತು ಶಿಲೆಗಳ ಸಂತೆಗಳು ಸಾಲುಸಾಲಾಗಿ ನಡೆಯುತ್ತವೆ. ತಿಂಗಳ ಕೊನೆಗೆ ‘ಬಿಗ್ ಟೆಂಟ್’ ಎಂದು ಹೆಸರಾದ ಆರ್‌ವಿ ಪ್ರದರ್ಶನ ಒಂಬತ್ತು ದಿನ ಇರುತ್ತದೆ. ಆ ದಿನಗಳಲ್ಲಿ ಲಾಂಡ್ರಿ, ಪೆಟ್ರೋಲ್, ಅಂಚೆ ಕಚೇರಿ ಎಲ್ಲೆಡೆ ಸಾಲು. ಟವರುಗಳ ಮೇಲೆ ಭಾರ ಬಿದ್ದು ಫೋನಿನ ಇಂಟರ್ನೆಟ್ ಹಗಲಿನಲ್ಲಿ ತೆವಳುತ್ತದೆ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ವಿಡಿಯೊ ಕರೆ ಮಾಡಲು ಬೆಳಗಿನ ಏಳು ಗಂಟೆಯೇ ಸರಿಯಾದ ಹೊತ್ತೆಂದು ಕಂಡುಕೊಂಡೆ. ಭಾರತ ಅರಿಜೋನಾಕ್ಕಿಂತ ಹನ್ನೆರಡೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ ಏಳೂವರೆ, ದೀಪ ಹಚ್ಚಿ ಕೂತಿರುತ್ತಾರೆ, ಇಲ್ಲಿ ಜನ ಇನ್ನೂ ಎದ್ದಿರುವುದಿಲ್ಲ.

ಅಂಚೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ವಿಳಾಸವಿಲ್ಲದವರಿಗಾಗಿ ಅಮೆರಿಕದ ಅಂಚೆ ಇಲಾಖೆಯಲ್ಲಿ ‘ಜನರಲ್ ಡೆಲಿವರಿ’ ಎಂಬ ಸೌಲಭ್ಯವಿದೆ. ನಮ್ಮ ಹೆಸರು, ಅದರ ಕೆಳಗೆ ಈ ಎರಡು ಪದ, ನಂತರ ಊರು ಮತ್ತು ಪಿನ್ ಸಂಖ್ಯೆ ಬರೆದು ಕಳಿಸಿದರೆ ಪತ್ರ ಅಂಚೆ ಕಚೇರಿಯಲ್ಲೇ ಕಾದಿರುತ್ತದೆ. ಫೋಟೊ ಇರುವ ಗುರುತಿನ ಚೀಟಿ ತೋರಿಸಿ ಪಡೆಯಬೇಕು. ಹೆಚ್ಚೆಂದರೆ 30 ದಿನ ಇಟ್ಟುಕೊಂಡು ಹಿಂದಕ್ಕೆ ಕಳಿಸುತ್ತಾರೆ. ಇಲ್ಲಿ ನಮ್ಮ ಹೆಸರುಗಳೇ ತೊಡಕಾದವು. ನಮ್ಮ ಮನೆಯವರ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಕುಲನಾಮದ ಜಾಗದಲ್ಲಿದೆ, ನನ್ನದರಲ್ಲಿ ತಂದೆಯ ಹೆಸರಿದೆ. ಕಚೇರಿಯವರು ಪತ್ರಗಳನ್ನು ಜೋಡಿಸುವುದು ಕುಲನಾಮದ ಮೊದಲ ಅಕ್ಷರದ ಪ್ರಕಾರ. ಮಗಳು ಪ್ರೀತಿಯಿಂದ ಬರೆದ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ಹೊಂದಿಕೆಯಾಗದೆ, ಬಂದಿದ್ದ ಲಕೋಟೆಯೇ ಇಲ್ಲವೆಂದಾಯಿತು. ಕಿಟಕಿಯ ಹಿಂದಿದ್ದ ಮಹಿಳೆ ತಾಳ್ಮೆಯಿಂದ ಮೂರು ಗೂಡುಗಳನ್ನು ಹುಡುಕಿ ತೆಗೆದುಕೊಟ್ಟರು. ಆಮೇಲೆ ಕುಲನಾಮವನ್ನೇ ಮೊದಲು, ದೊಡ್ಡಕ್ಷರದಲ್ಲಿ ಬರೆದು ಅಲ್ಪವಿರಾಮ ಹಾಕಿ ಉಳಿದದ್ದನ್ನು ಬರೆಯುವಂತೆ ಮಗಳಿಗೆ ಹೇಳಿದೆ. ತೊಂದರೆ ಮರುಕಳಿಸಲಿಲ್ಲ.

ಇನ್ಸುಲಿನ್‌ನದು ಬೇರೆಯೇ ಕಥೆ. ಅಂಚೆಯ ಮೂಲಕ ಔಷಧಿ ಕಳಿಸುವ ಕಂಪನಿಯವರಿಗೆ, ಸರ್ಕಾರಿ ಅಂಚೆಯಲ್ಲೇ, ಜನರಲ್ ಡೆಲಿವರಿಗೆ ಕಳಿಸಿ ಎಂದು ಫೋನಿನಲ್ಲಿ ಬಿಡಿಸಿ ಹೇಳಿದ್ದೆವು, ಅವರೂ ಆಗಲಿ ಎಂದಿದ್ದರು. ಆದರೆ ತಣ್ಣಗಿಡಬೇಕಾದ ಔಷಧಿಗಳನ್ನು ಅವರು ಖಾಸಗಿ ಕೊರಿಯರಿನಲ್ಲೇ ಕಳಿಸುವ ಪದ್ಧತಿಯಂತೆ. ಜನರಲ್ ಡೆಲಿವರಿ ಅಂಚೆ ಇಲಾಖೆಯ ವ್ಯವಸ್ಥೆಯಾದ್ದರಿಂದ ಕೊರಿಯರಿನವರಿಗೆ ಅದು ವಿಳಾಸವೇ ಅಲ್ಲ. ಪೊಟ್ಟಣ ‘ವಿಳಾಸ ಅಪೂರ್ಣ’ ಎಂದು ಹಿಂದಿರುಗಿತು. ಇದು ಗೊತ್ತಾದದ್ದು ಜನವರಿಯ ಒಂದು ಶುಕ್ರವಾರ ಮಧ್ಯಾಹ್ನ. ಫ್ರಿಜ್‌ನಲ್ಲಿ ತೆರೆಯದ ಪೆನ್, ಅಂದರೆ ಇನ್ಸುಲಿನ್ ತುಂಬಿದ ಚುಚ್ಚುಮದ್ದಿನ ಕಡ್ಡಿ, ಒಂದೂ ಇರಲಿಲ್ಲ. ತೆರೆದಿದ್ದ ಪೆನ್‌ನಲ್ಲಿ ಎಷ್ಟು ಯೂನಿಟ್ ಉಳಿದಿದೆಯೆಂದು ಅದನ್ನು ಬೆಳಕಿಗೆ ಹಿಡಿದು, ಗಾಜಿನ ಮೇಲಿನ ಗೆರೆಗಳನ್ನು ಬೆರಳಿಟ್ಟು ಎಣಿಸಿದೆ. ಸೋಮವಾರದವರೆಗೆ ಸಾಲುತ್ತಿತ್ತು, ಅದರಾಚೆಗೆ ಇಲ್ಲ. ನನಗೆ ಕೈಕಾಲೇ ಆಡದಂತಾಯಿತು. ನಮ್ಮ ಮನೆಯವರು ಮಾತ್ರ “ಇದೇನು ಕಾಡಲ್ಲ, 35 ಮೈಲಿಗೆ ಆಸ್ಪತ್ರೆಯಿದೆ, ನೀನು ಮೊದಲು ಕಾಫಿ ಕುಡಿ” ಎಂದರು.

ದಾರಿ ತೋರಿಸಿದ್ದು ಆ ಕೆನಡಾದ ನೆರೆಯಾಕೆ. ಹೊಸ ಪ್ರಿಸ್ಕ್ರಿಪ್ಶನ್ನನ್ನು ಪಾರ್ಕರ್‌ನ ಔಷಧಿ ಅಂಗಡಿಗೇ ನೇರವಾಗಿ ಕಳಿಸುವಂತೆ ನಮ್ಮ ಊರಿನ ಡಾಕ್ಟರ ಕಚೇರಿಗೆ ಹೇಳಿ ಎಂದರು. ಫ್ರೀಮಾಂಟಿನ ಕಚೇರಿ ಮುಚ್ಚುವ ಮೊದಲೇ ಫೋನ್ ಸಿಕ್ಕಿತು, ಕ್ಯಾಲಿಫೋರ್ನಿಯಾದ ಆ ಹಿಂದಿನ ಒಂದು ಗಂಟೆ ನಮ್ಮನ್ನು ಕಾಯಿತು. ಪ್ರಿಸ್ಕ್ರಿಪ್ಶನ್ ಸಂಜೆಯೇ ತಲುಪಿತು. ಆದರೆ ವಿಮೆಯ ಗಣಕದಲ್ಲಿ ಈ ತಿಂಗಳ ಔಷಧಿ ಈಗಾಗಲೇ ರವಾನೆಯಾಗಿದೆ ಎಂದೇ ದಾಖಲಾಗಿತ್ತು. ಪೊಟ್ಟಣ ಹಿಂದಿರುಗಿದ್ದನ್ನು ಕಂಪನಿಯವರು ದಾಖಲಿಸುವವರೆಗೆ ವಿಮೆ ಹಣ ಕೊಡುವುದಿಲ್ಲ, ದಾಖಲಿಸುವವರು ಸೋಮವಾರವೇ ಬರುವುದು. ಶನಿವಾರ ನಾವೇ ಪಾರ್ಕರ್‌ಗೆ ಹೋಗಿ, ಒಂದೇ ಪೆನ್ ಕೊಡಿ, ಕೈಯಿಂದ ದುಡ್ಡು ಕೊಡುತ್ತೇವೆ ಎಂದೆವು. ಪೆಟ್ಟಿಗೆ ಒಡೆದು ಬಿಡಿಯಾಗಿ ಕೊಡಲು ಔಷಧಿ ಅಂಗಡಿಯಾಕೆ ಒಪ್ಪಿದರು. ಒಂದು ಪೆನ್‌ನಲ್ಲಿ 300 ಯೂನಿಟ್ ಇರುತ್ತದೆ, ಅಷ್ಟು ಸಾಕಿತ್ತು. ಮುಂದಿನ ವಾರ ವಿಮೆಯ ಜೊತೆ ಹಲವು ಗಂಟೆ ಫೋನಿನಲ್ಲಿ ಕಾದು ಉಳಿದದ್ದನ್ನು ಅಲ್ಲೇ ಪಡೆಯುವಂತಾಯಿತು. ಇದರಿಂದ ಹೇಳುವುದಿಷ್ಟು: ಫ್ರಿಜ್ ಬೇಕಾದ ಔಷಧಿ ತೆಗೆದುಕೊಳ್ಳುವವರು ಹೋದ ಮೊದಲ ವಾರವೇ ಪಾರ್ಕರ್ ಅಥವಾ ಬ್ಲೈತ್‌ನ ಒಂದು ಔಷಧಿ ಅಂಗಡಿಯಲ್ಲಿ ತಮ್ಮ ಪ್ರಿಸ್ಕ್ರಿಪ್ಶನ್ ಮತ್ತು ವಿಮೆಯ ವಿವರ ಸೇರಿಸಿಡಿ. ಕೊರಿಯರ್ ಪೊಟ್ಟಣಗಳಿಗೆ ಊರಿನಲ್ಲಿ ಸಣ್ಣ ಶುಲ್ಕ ಪಡೆದು ಇಟ್ಟುಕೊಳ್ಳುವ ಅಂಗಡಿಗಳಿವೆ, ಆ ವಿಳಾಸವನ್ನೇ ಕೊಡಿ. ಆರ್‌ವಿಯ ಗ್ಯಾಸ್ ಫ್ರಿಜ್ ಗಾಡಿ ಮಟ್ಟಸವಾಗಿಲ್ಲದಿದ್ದರೆ ತಣಿಸುವುದಿಲ್ಲ, ಹಿಂಬದಿಯ ತಗಡಿಗೆ ತಾಗಿದ್ದು ಹೆಪ್ಪುಗಟ್ಟಿಬಿಡುತ್ತದೆ. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ನಡುವಿನ ತಟ್ಟೆಯಲ್ಲಿ ಡಬ್ಬಿಯೊಳಗೆ ಥರ್ಮಾಮೀಟರ್ ಜೊತೆಗಿಡಿ. ತುರ್ತು ಕರೆ 911ಕ್ಕೆ ಹೇಳಲು ನಮ್ಮ ಬಿಡಾರದ ಅಕ್ಷಾಂಶ ರೇಖಾಂಶಗಳನ್ನು ದೊಡ್ಡದಾಗಿ ಬರೆದು ಬಾಗಿಲಿನ ಒಳಬದಿಗೆ ಅಂಟಿಸಿದ್ದೂ ಆ ವಾರವೇ.

ಫೆಬ್ರವರಿಯಲ್ಲಿ ನನ್ನ ದವಡೆ ಹಲ್ಲಿನ ಕವಚ ಕಳಚಿತು. ಸುತ್ತಲಿನವರೆಲ್ಲ ಒಂದೇ ಹೆಸರು ಹೇಳಿದರು, ಮೆಕ್ಸಿಕೊದ ಲಾಸ್ ಅಲ್ಗೊಡೋನೆಸ್. ಯೂಮಾ ಪಕ್ಕದ ಗಡಿಯಾಚೆಗಿರುವ ಈ ಪುಟ್ಟ ಊರಿನ ಬೀದಿಗಳ ತುಂಬ ಹಲ್ಲಿನ ಡಾಕ್ಟರುಗಳು, ಕನ್ನಡಕದ ಅಂಗಡಿಗಳು. ಕ್ವಾರ್ಟ್ಜ್‌ಸೈಟ್‌ನಿಂದ ಯೂಮಾ 80 ಮೈಲಿ. ಕ್ವೆಚಾನ್ ಬುಡಕಟ್ಟಿನವರು ನಡೆಸುವ ನಿಲ್ದಾಣದಲ್ಲಿ ಕಾರು ಬಿಟ್ಟು ನಡೆದೇ ಗಡಿ ದಾಟಿದೆವು. ನಮ್ಮ ಮನೆಯವರು ಅಮೆರಿಕದ ನಾಗರಿಕರು, ನನ್ನದು ಭಾರತದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್. ಅಮೆರಿಕದ ಕಾಯಂ ನಿವಾಸಿಗಳಿಗೆ ಮೆಕ್ಸಿಕೊ ವೀಸಾ ಕೇಳುವುದಿಲ್ಲ, ಆದರೆ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಕೈಯಲ್ಲಿರಬೇಕು. ಹೋಗುವುದು ಐದು ನಿಮಿಷ, ಬರುವುದು ಬಿಸಿಲಿನ ಸಾಲಿನಲ್ಲಿ ಗಂಟೆಗಟ್ಟಲೆ. ನೀರು, ಟೋಪಿ, ನಿಂತು ಸುಸ್ತಾಗುವವರು ಮಡಚುವ ಕುರ್ಚಿ ಒಯ್ಯಿರಿ. ಕ್ಯಾಲಿಫೋರ್ನಿಯಾದ ವಿಮೆಯಿಲ್ಲದ ದರಕ್ಕಿಂತ ಖರ್ಚು ಬಹಳ ಕಡಿಮೆಯಾಯಿತು, ಕೆಲಸವೂ ಅಚ್ಚುಕಟ್ಟಾಗಿದೆ. ಯೂಮಾದಿಂದ 95ನೇ ರಸ್ತೆಯಲ್ಲಿ ಉತ್ತರಕ್ಕೆ ಮರಳುವಾಗ ಗಡಿ ಕಾವಲು ದಳದ ತಪಾಸಣೆ ಇನ್ನೊಮ್ಮೆ ಇರುತ್ತದೆ. ಬರೀ ತರಕಾರಿಗೆಂದು ಯೂಮಾಗೆ ಹೋಗುವವರೂ ಗ್ರೀನ್ ಕಾರ್ಡನ್ನು ಬಿಡಾರದಲ್ಲಿ ಬಿಟ್ಟು ಹೋಗಬೇಡಿ. ಕಾಯಂ ನಿವಾಸಿಗಳು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ.

ಮಾರ್ಚ್ ಹೊತ್ತಿಗೆ ಗಾಳಿ ಜೋರಾಯಿತು. ಬಿಸಿಲುಮರೆಯ ಬಟ್ಟೆಯನ್ನು ಸಂಜೆ ಸುತ್ತಿಡದ ಬಿಡಾರಗಳಲ್ಲಿ ಅದು ಹರಿದು ಹಾರಿದ್ದನ್ನು ಕಂಡೆವು. ಹೊರಡುವ ದಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಮೂಲೆಯಲ್ಲಿ ಕಾಡುಇಲಿ ಕಳ್ಳಿಯ ಮುಳ್ಳುಗಳನ್ನು ತಂದು ಗೂಡು ಕಟ್ಟತೊಡಗಿತ್ತು. ವೈರುಗಳನ್ನು ಇನ್ನೂ ಕಡಿದಿರಲಿಲ್ಲ. ಓಡಿಸದೆ ನಿಲ್ಲಿಸಿದ ಗಾಡಿಯ ಬಾನೆಟ್ಟನ್ನು ರಾತ್ರಿ ತೆರೆದಿಟ್ಟು ಒಳಗೆ ದೀಪ ಉರಿಸುವುದು ಅಲ್ಲಿನ ಅನುಭವಿಗಳ ಪದ್ಧತಿ. ಕೊನೆಯ ಸಲ ಟ್ಯಾಂಕುಗಳನ್ನು ಖಾಲಿ ಮಾಡಿ, ಅಂಚೆ ಕಚೇರಿಯಲ್ಲಿ ನಮ್ಮ ಹೆಸರಿಗೆ ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಪಾರ್ಕರ್‌ನ ಔಷಧಿ ಅಂಗಡಿಯಿಂದ ಪ್ರಿಸ್ಕ್ರಿಪ್ಶನ್ನನ್ನು ಫ್ರೀಮಾಂಟಿಗೆ ವರ್ಗ ಮಾಡಿಸಿದೆವು. ಖರ್ಚಿನಲ್ಲಿ ಬಿಡಾರದ ಶುಲ್ಕದ್ದೇ ಸಣ್ಣ ಪಾಲು. ಕಾರಿನ ಪೆಟ್ರೋಲ್, ಪ್ರೊಪೇನ್ ಮತ್ತು ಲಾಂಡ್ರಿ ಒಂದೊಂದೂ ಅದನ್ನು ಮೀರಿದವು. ಮೇಲೆ ಕೊಟ್ಟಿರುವ ಪರವಾನಗಿಯ ದರ ನಾವಿದ್ದ ಋತುವಿನದು. ಹೋಗುವವರು ಸೆಪ್ಟೆಂಬರ್ 15ಕ್ಕೆ ಮೊದಲೇ ಬಿಎಲ್‌ಎಂನ ಯೂಮಾ ಕಚೇರಿಯಲ್ಲಿ ಹೊಸ ದರವನ್ನೂ, ಹಣವನ್ನು ಯಾವ ರೂಪದಲ್ಲಿ ಕಟ್ಟಬಹುದೆಂಬುದನ್ನೂ ವಿಚಾರಿಸಿಕೊಳ್ಳಿ.